ಹಳೆಯ ವ್ಯಾನಿನ ಎಂಜಿನ್ ತಡವರಿಕೆ: ಕಾರಣ ಪತ್ತೆ ಹಚ್ಚುವ ಕ್ರಮ

(ಡಾಬಕಾ ಭಾಗದ ರೈತರಿಗಾಗಿ ಸಿದ್ಧಪಡಿಸಿದ ಭಾಷಣದ ಪಠ್ಯ)



ಬೀದರ ಜಿಲ್ಲೆಯ ಔರಾದ, ಭಾಲ್ಕಿ ಭಾಗಗಳಲ್ಲಿ ಎತ್ತಿನ ಬಂಡಿ ಮಾಡುತ್ತಿದ್ದ ಸಾಗಾಣಿಕೆಯ ಕೆಲಸವನ್ನು ಈಗ ಬಹುಮಟ್ಟಿಗೆ ಟ್ರ್ಯಾಕ್ಟರು ಮತ್ತು ಸಣ್ಣ ವ್ಯಾನುಗಳು ವಹಿಸಿಕೊಂಡಿವೆ. ಹೆಸರು, ಉದ್ದು ಆಗಸ್ಟ್-ಸೆಪ್ಟೆಂಬರಿನಲ್ಲಿ, ಸೋಯಾಬೀನ್ ಅಕ್ಟೋಬರಿನ ಸುಮಾರಿಗೆ, ತೊಗರಿ ಡಿಸೆಂಬರ್-ಜನವರಿಯಲ್ಲಿ ರಾಶಿಯಾಗುತ್ತವೆ. ಕಾಯಿಪಲ್ಲೆಯಂತೂ ದಿನ ಬೆಳಗಾದರೆ ಪೇಟೆ ಸೇರಬೇಕು. ಡಾಬಕಾದಂಥ ಗಡಿ ಭಾಗದ ಊರಿನ ರೈತನಿಗೆ ಔರಾದ, ಭಾಲ್ಕಿ, ಬೀದರಗಳಲ್ಲದೆ ಮಹಾರಾಷ್ಟ್ರದ ಉದಗೀರ, ದೇಗಲೂರ ಪೇಟೆಗಳೂ ಇವೆ. ಎಲ್ಲಿ ದರ ಚೆನ್ನಾಗಿದೆಯೋ ಅಲ್ಲಿಗೆ ಮಾಲು ಒಯ್ಯಬೇಕಾದರೆ ಸ್ವಂತ ವಾಹನವಿದ್ದರೆ ಅನುಕೂಲ. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲವಾದ್ದರಿಂದ ಅನೇಕರು ಉಪಯೋಗಿಸಿದ ಹಳೆಯ ವ್ಯಾನನ್ನೇ ಕೊಳ್ಳುತ್ತಾರೆ.

ಹಳೆಯ ವ್ಯಾನು ಕೊಂಡವರಿಗೆ ಮೊದಲ ತಿಂಗಳಲ್ಲಿಯೇ ಎದುರಾಗುವ ತೊಂದರೆಗಳಲ್ಲಿ ಎಂಜಿನ್ ತಡವರಿಸುವುದು ಮುಖ್ಯವಾದುದು. ಎಕ್ಸಿಲರೇಟರ್ ತುಳಿದರೂ ಗಾಡಿ ಕೂಡಲೇ ಏಳುವುದಿಲ್ಲ, ಝಟಕಾ ಹೊಡೆಯುತ್ತದೆ, ಏರಿನಲ್ಲಿ ದಮ್ಮು ಹಿಡಿಯುತ್ತದೆ. ಇದನ್ನು ಕೆಲವರು ಪಿಕಪ್ ಇಲ್ಲವೆಂದೂ ಕೆಲವರು ಮಿಸ್ಸಿಂಗ್ ಎಂದೂ ಕರೆಯುತ್ತಾರೆ. ಹೆಸರು ಯಾವುದಾದರೂ ಇರಲಿ, ಎದುರಿನಿಂದ ಲಾರಿ ಬರುತ್ತಿರುವಾಗ ಎಂಜಿನ್ ತಡವರಿಸಿದರೆ ಜೀವಕ್ಕೇ ಅಪಾಯ. ಲಿಲಾವಿನ ಹೊತ್ತಿಗೆ ಪೇಟೆ ಮುಟ್ಟದಿದ್ದರೆ ಮಾಲಿನ ದರಕ್ಕೆ ಅಪಾಯ.

ಒಂದು ಉದಾಹರಣೆ

ಒಬ್ಬ ರೈತನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಆತ ಸಾಲ ಮಾಡಿ ಒಂದು ಹಳೆಯ ಪೆಟ್ರೋಲ್ ವ್ಯಾನನ್ನು ಕೊಂಡ. ಊರಿನ ಸುತ್ತ ಓಡಿಸಿ ನೋಡಿದಾಗ ಗಾಡಿ ಸರಿಯಾಗಿಯೇ ಇತ್ತು. ಟೊಮ್ಯಾಟೊ ಹೇರಿಕೊಂಡು ಬೀದರಕ್ಕೆ ಹೊರಟಾಗ ಔರಾದ ದಾಟುವವರೆಗೂ ತೊಂದರೆ ಕಾಣಲಿಲ್ಲ. ಮಾಂಜ್ರಾ ನದಿಯ ಸೇತುವೆ ದಾಟಿ, ಸಮುದ್ರಮಟ್ಟದಿಂದ 2,000 ಅಡಿಗಿಂತ ಎತ್ತರದಲ್ಲಿರುವ ಬೀದರದ ಕಡೆಗೆ ರಸ್ತೆ ಏರತೊಡಗಿದಾಗ ಎಂಜಿನ್ ತಡವರಿಸಿ ನಿಂತೇಹೋಯಿತು. ಹತ್ತು ನಿಮಿಷ ಬಿಟ್ಟು ಚಾಲೂ ಮಾಡಿದರೆ ಏನೂ ಆಗದಂತೆ ಮುಂದೆ ಹೋಯಿತು. ಖಾಲಿ ಗಾಡಿ ಮರಳಿ ಬರುವಾಗ ಎಲ್ಲಿಯೂ ನಿಲ್ಲಲಿಲ್ಲ.

ಮಿಸ್ತ್ರಿ ಐದು ನಿಮಿಷ ಎಂಜಿನ್ ಸದ್ದು ಕೇಳಿ, "ಕಾರ್ಬುರೇಟರ್ ಹೋಗ್ಯಾದ ಕಾಕಾ, ಹೊಸಾದು ಹಾಕಬೇಕು" ಎಂದ. ರೈತ ಕೈಗಡ ತಂದು ಹೊಸ ಕಾರ್ಬುರೇಟರ್ ಹಾಕಿಸಿದ. ಮುಂದಿನ ವಾರ ಅದೇ ಏರಿನಲ್ಲಿ ಗಾಡಿ ಮತ್ತೆ ನಿಂತಿತು. ಇಷ್ಟೇ ಅಲ್ಲದೆ, ಮೊದಲು ಇಲ್ಲದ ಇನ್ನೊಂದು ದೋಷವೂ ಬಂದಿತ್ತು: ನಿಂತಲ್ಲಿಂದ ಎಬ್ಬಿಸುವಾಗಲೂ ಎಂಜಿನ್ ಈಗ ಝಟಕಾ ಹೊಡೆಯುತ್ತಿತ್ತು.

ಈ ರೈತನಿಗೆ ನಷ್ಟವಾದದ್ದು ಪರೀಕ್ಷೆಗೆ ಮೊದಲೇ ಔಷಧ ಹಾಕಿದ್ದರಿಂದ. ಹೊಲದಲ್ಲಿ ತೊಗರಿ ಗಿಡ ಬಾಡಿದರೆ ತಿಳಿದ ರೈತ ತಕ್ಷಣ ಪಂಪು ಹೆಗಲಿಗೇರಿಸುವುದಿಲ್ಲ. ಗಿಡವನ್ನು ಬೇರುಸಹಿತ ಕಿತ್ತು, ಕಾಂಡ ಸೀಳಿ ನೋಡುತ್ತಾನೆ. ಒಳಗೆ ಕಂದುಗಪ್ಪು ಗೆರೆ ಇದ್ದರೆ ಸೊರಗು ರೋಗ, ಇಲ್ಲದಿದ್ದರೆ ನೀರು ನಿಂತದ್ದೋ ಬೇರೆ ಕಾರಣವೋ ಎಂದು ವಿಚಾರ ಮಾಡುತ್ತಾನೆ. ಎಂಜಿನ್ನಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಎಂಜಿನ್ನಿಗೆ ಬೇಕಾದದ್ದು ಏನು?

ಪೆಟ್ರೋಲ್ ಎಂಜಿನ್ ಸರಿಯಾಗಿ ಓಡಬೇಕಾದರೆ ನಾಲ್ಕು ಬಾಬುಗಳು ಬೇಕು: ಸಾಕಷ್ಟು ಶುದ್ಧ ಗಾಳಿ, ಅದಕ್ಕೆ ತಕ್ಕ ಪ್ರಮಾಣದ ಪೆಟ್ರೋಲು, ತಕ್ಕ ಕ್ಷಣದಲ್ಲಿ ಬಲವಾದ ಕಿಡಿ ಮತ್ತು ಸಿಲಿಂಡರಿನಲ್ಲಿ ಒಳ್ಳೆಯ ಒತ್ತಡ. ಎಕ್ಸಿಲರೇಟರ್ ತುಳಿದ ಕ್ಷಣದಲ್ಲಿ ಎಂಜಿನ್ ಒಮ್ಮೆಗೇ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತದೆ. ಅದೇ ಕ್ಷಣದಲ್ಲಿ ಪೆಟ್ರೋಲು ಹೆಚ್ಚದಿದ್ದರೆ ಅಥವಾ ಕಿಡಿ ಸೋತರೆ ತಡವರಿಕೆ ಉಂಟಾಗುತ್ತದೆ. ಈ ನಾಲ್ಕರಲ್ಲಿ ಯಾವುದು ಕಡಿಮೆಯಾಯಿತು ಎಂಬುದನ್ನು ತಿಳಿಯುವುದೇ ಪರೀಕ್ಷೆಯ ಉದ್ದೇಶ.

1984ರಲ್ಲಿ ಪೇಟೆಗೆ ಬಂದು 2019ರವರೆಗೆ ತಯಾರಾದ ಮಾರುತಿ ವ್ಯಾನು, ಅಂದರೆ ಓಮ್ನಿ, ಹಳ್ಳಿಗಳಲ್ಲಿ ಇನ್ನೂ ಕಾಣಸಿಗುತ್ತದೆ. ಇದರ ಎಂಜಿನ್ ಮುಂದಿನ ಸೀಟುಗಳ ಕೆಳಗೆ ಇರುತ್ತದೆ. ಹಳೆಯ ಮಾದರಿಗಳಿಗೆ ಕಾರ್ಬುರೇಟರ್ ಇದ್ದು, ನಂತರದವುಗಳಲ್ಲಿ ಕಂಪ್ಯೂಟರಿನ ಹಿಡಿತದಲ್ಲಿ ಪೆಟ್ರೋಲು ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ ಇದೆ. ಕೊಂಡ ಗಾಡಿ ಇವೆರಡರಲ್ಲಿ ಯಾವುದೆಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಮೊದಲ ಹೆಜ್ಜೆ: ಯಾವಾಗ ತಡವರಿಸುತ್ತದೆ?

ಪಾನಾ ಹಿಡಿಯುವುದಕ್ಕಿಂತ ಮೊದಲು ಒಂದು ಚಿಕ್ಕ ವಹಿ ಇಟ್ಟುಕೊಂಡು ನಾಲ್ಕಾರು ದಿನ ಈ ಸಂಗತಿಗಳನ್ನು ಬರೆಯಬೇಕು: ಎಂಜಿನ್ ತಣ್ಣಗಿತ್ತೋ ಬಿಸಿಯಾಗಿತ್ತೋ, ಏರು ಇತ್ತೋ ಸಪಾಟು ಇತ್ತೋ, ಹೇರು ಎಷ್ಟಿತ್ತು, ಟಾಕಿಯಲ್ಲಿ ಪೆಟ್ರೋಲು ಎಷ್ಟಿತ್ತು, ಮಳೆ ಬಂದಿತ್ತೋ ಇಲ್ಲವೋ, ಹೊರಟು ಎಷ್ಟು ಹೊತ್ತಿಗೆ ದೋಷ ಕಂಡಿತು. ದೋಷವು ಕಾಣಿಸಿಕೊಳ್ಳುವ ಹೊತ್ತೇ ಅದರ ವಿಳಾಸವನ್ನು ಹೇಳುತ್ತದೆ.

1. ತಣ್ಣಗಿರುವಾಗ ಮಾತ್ರ ತಡವರಿಸಿ, ಬಿಸಿಯಾದ ಮೇಲೆ ಸರಿಹೋದರೆ: ಚೋಕ್ ಕೆಲಸ ಮಾಡದಿರುವುದು, ಗಾಳಿ ಸೋರಿಕೆ, ಇಂಜೆಕ್ಷನ್ ಗಾಡಿಯಾದರೆ ಎಂಜಿನ್ನಿನ ಉಷ್ಣತೆ ಅಳೆಯುವ ಸೆನ್ಸರ್.

2. ಎಕ್ಸಿಲರೇಟರನ್ನು ಒಮ್ಮೆಗೇ ತುಳಿದಾಗ ಮಾತ್ರ ತಡವರಿಸಿ ನಂತರ ಎದ್ದರೆ: ಕಾರ್ಬುರೇಟರಿನೊಳಗಿನ ಎಕ್ಸಿಲರೇಟರ್ ಪಂಪು, ಒಡೆದ ವ್ಯಾಕ್ಯೂಮ್ ಪೈಪು, ಟೈಮಿಂಗ್ ಹಿಂದೆ ಬಿದ್ದಿರುವುದು.

3. ಏರಿನಲ್ಲಿ, ಹೇರಿನೊಂದಿಗೆ, ಸ್ವಲ್ಪ ಹೊತ್ತು ಓಡಿದ ಮೇಲೆ ದಮ್ಮು ಹಿಡಿದರೆ: ಪೆಟ್ರೋಲು ಸಾಲದೆ ಬರುತ್ತಿದೆ ಎಂದು ಅರ್ಥ. ಫಿಲ್ಟರ್, ಪಂಪು, ಟಾಕಿಯ ಮುಚ್ಚಳದ ಗಾಳಿ ಕಂಡಿ ಇವುಗಳನ್ನು ನೋಡಬೇಕು.

4. ನಿಂತಲ್ಲಿಯೂ ಓಡುವಾಗಲೂ ಒಂದೇ ಸಮನೆ ಅದುರಿದರೆ: ಒಂದು ಸಿಲಿಂಡರ್ ಸತ್ತಿದೆ. ಪ್ಲಗ್, ಅದರ ವಾಯರು, ನಂತರ ಒತ್ತಡ.

5. ಮಳೆಗಾಲದ ಬೆಳಿಗ್ಗೆ ಮಾತ್ರ ಕಂಡರೆ: ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿ ತೇವ ಅಥವಾ ಬಿರುಕು, ಹಳಸಿದ ವಾಯರುಗಳು.

ಎಂಜಿನ್ನಿನ ಮೇಲೆ ತಪ್ಪು ಹೊರಿಸುವ ಮೊದಲು ಬೇರೆ ಮೂರು ಸಂಗತಿಗಳನ್ನು ಖಾತ್ರಿ ಮಾಡಿಕೊಳ್ಳಬೇಕು. ಎಂಜಿನ್ ಸದ್ದು ಏರುತ್ತಿದ್ದರೂ ಗಾಡಿಯ ವೇಗ ಏರದಿದ್ದರೆ ಅದು ಕ್ಲಚ್ ಜಾರುವುದರ ಲಕ್ಷಣ. ಹೆಚ್ಚು ಬ್ರೇಕ್ ಹಾಕದೆ ನಾಲ್ಕೈದು ಕಿ.ಮೀ. ಓಡಿಸಿ ನಿಲ್ಲಿಸಿದಾಗ ಒಂದು ಗಾಲಿ ಮಾತ್ರ ಮಿಕ್ಕವುಗಳಿಗಿಂತ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ. ನೋಂದಣಿ ಪತ್ರದಲ್ಲಿ ನಮೂದಿಸಿದ್ದಕ್ಕಿಂತ ಹೆಚ್ಚು ಭಾರ ಹೇರಿದ್ದರೆ ಯಾವ ಎಂಜಿನ್ನೂ ಏರಿನಲ್ಲಿ ದಣಿಯುತ್ತದೆ.

ಎರಡನೆಯ ಹೆಜ್ಜೆ: ಖರ್ಚಿಲ್ಲದ ಪರೀಕ್ಷೆಗಳು

ಟಾಕಿಯ ಮುಚ್ಚಳ: ಪೆಟ್ರೋಲು ಖರ್ಚಾದಂತೆ ಟಾಕಿಯೊಳಗೆ ಗಾಳಿ ಹೋಗಬೇಕು. ಆ ದಾರಿ ಮಣ್ಣಿನಿಂದ ಮುಚ್ಚಿಕೊಂಡರೆ ಟಾಕಿಯಲ್ಲಿ ನಿರ್ವಾತ ಉಂಟಾಗಿ ಪೆಟ್ರೋಲು ಬರುವುದು ನಿಲ್ಲುತ್ತದೆ. ತಡವರಿಸಿದ ಕೂಡಲೇ ಗಾಡಿಯನ್ನು ಬದಿಗೆ ನಿಲ್ಲಿಸಿ ಮುಚ್ಚಳ ಸಡಿಲಿಸಬೇಕು. ಗಾಳಿಯನ್ನು ಒಳಗೆಳೆದ ಸದ್ದು ಬಂದು ಗಾಡಿ ಕೂಡಲೇ ಸರಿಹೋದರೆ ದೋಷ ಸಿಕ್ಕಂತೆಯೇ.

ಗಾಳಿ ಫಿಲ್ಟರ್: ಎರೆಭೂಮಿಯ ದಾರಿಯ ಧೂಳು ಮತ್ತು ರಾಶಿಯ ಹೊಟ್ಟು ಇದನ್ನು ಬೇಗ ಕಟ್ಟಿಸುತ್ತವೆ. ಹೊರತೆಗೆದು ಬಿಸಿಲಿಗೆ ಹಿಡಿದಾಗ ಬೆಳಕು ಕಾಣದಿದ್ದರೆ ಬದಲಿಸಬೇಕು. ಪಿಕಪ್ ಸಿಗುತ್ತದೆಂದು ಫಿಲ್ಟರನ್ನೇ ತೆಗೆದಿಟ್ಟು ಓಡಿಸುವವರಿದ್ದಾರೆ. ಇದು ಸಲ್ಲದು. ಒಳಹೋದ ಧೂಳು ಸಿಲಿಂಡರನ್ನು ಅರದಂತೆ ಸವೆಸುತ್ತದೆ.

ಪೆಟ್ರೋಲಿನ ಗುಣ: ಸ್ವಲ್ಪ ಪೆಟ್ರೋಲನ್ನು ಪಾರದರ್ಶಕ ಗಾಜಿನ ಬಾಟಲಿಯಲ್ಲಿ ಹಿಡಿದು ಅರ್ಧ ಗಂಟೆ ಅಲುಗಿಸದೆ ಇಡಬೇಕು. ತಳದಲ್ಲಿ ನೀರಿನ ಪದರವೋ ಕಂದು ತುಕ್ಕೋ ಕಂಡರೆ ದೋಷ ಟಾಕಿಯಲ್ಲಿದೆ. ಕಲಬೆರಕೆಯ ಅನುಮಾನವಿದ್ದರೆ ಪೆಟ್ರೋಲ್ ಪಂಪಿನಲ್ಲಿಯೇ ಶೋಧಕ ಕಾಗದದ ಪರೀಕ್ಷೆಯನ್ನು ಕೇಳಬಹುದು. ಇದು ಗ್ರಾಹಕನ ಹಕ್ಕು. ಕಾಗದದ ಮೇಲೆ ಬಿದ್ದ ಹನಿ ಕಲೆ ಉಳಿಸದೆ ಆರಿಹೋಗಬೇಕು.

ಎಥನಾಲ್ ಬೆರೆತ ಪೆಟ್ರೋಲು: ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟವು 2023ರ ಫೆಬ್ರವರಿಯಲ್ಲಿ ಆರಂಭವಾಯಿತು. ಕಬ್ಬು ಬೆಳೆಯುವವನಿಗೆ ಇದರಿಂದ ಲಾಭವಿದ್ದರೂ ಹಳೆಯ ಗಾಡಿಯ ಒಡೆಯ ಎರಡು ಸಂಗತಿಗಳನ್ನು ತಿಳಿದಿರಬೇಕು. ಎಥನಾಲ್ ನೀರನ್ನು ಹೀರುತ್ತದೆ. ಬಹುದಿನ ನಿಂತ ಗಾಡಿಯಲ್ಲಿ ನೀರು ಹೆಚ್ಚಾದರೆ ಅದು ಎಥನಾಲ್ ಸಹಿತ ತಳಕ್ಕೆ ಇಳಿಯುತ್ತದೆ. ಎರಡನೆಯದಾಗಿ, ಟಾಕಿಯ ಹಳೆಯ ಜಿಡ್ಡನ್ನು ಬಿಡಿಸಿ ಫಿಲ್ಟರಿಗೆ ತರುತ್ತದೆ ಮತ್ತು ಹಳೆಯ ಮಾದರಿಯ ರಬ್ಬರ್ ಪೈಪುಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಆದುದರಿಂದ ಹಳೆಯ ವ್ಯಾನು ಕೊಂಡ ಕೂಡಲೇ ಪೆಟ್ರೋಲ್ ಪೈಪುಗಳನ್ನು ಬೆರಳಿನಿಂದ ಒತ್ತಿ ನೋಡಿ, ಬಿರುಕು ಬಿಟ್ಟವನ್ನೂ ಜಿನುಗುವವನ್ನೂ ಬದಲಿಸುವುದು ಅವಶ್ಯ.

ವ್ಯಾಕ್ಯೂಮ್ ಪೈಪುಗಳು: ಎಂಜಿನ್ ನಿಂತಲ್ಲಿಯೇ ಓಡುತ್ತಿರುವಾಗ ಎಲ್ಲಿಯಾದರೂ ಗಾಳಿ ಸೋರುವ ಸದ್ದು ಕೇಳುತ್ತದೆಯೇ ಎಂದು ಕಿವಿಗೊಡಬೇಕು. ಚಿಕ್ಕ ರಬ್ಬರ್ ಪೈಪಿನ ತುದಿಯ ಒಂದು ಬಿರುಕು ಸಾಕು, ಮಿಶ್ರಣ ತೆಳುವಾಗಿ ಎಂಜಿನ್ ಝಟಕಾ ಹೊಡೆಯುತ್ತದೆ.

ಕತ್ತಲೆಯ ಪರೀಕ್ಷೆ: ರಾತ್ರಿ ದೀಪವಿಲ್ಲದ ಬಯಲಿನಲ್ಲಿ ಗಾಡಿ ನಿಲ್ಲಿಸಿ ಎಂಜಿನ್ ಮುಚ್ಚಳ ಎತ್ತಿ ನೋಡಿದರೆ, ಹಳಸಿದ ಪ್ಲಗ್ ವಾಯರುಗಳಿಂದ ಸಣ್ಣ ನೀಲಿ ಕಿಡಿಗಳು ಹೊರಗೆ ಹಾರುವುದು ಕಾಣುತ್ತದೆ. ಕಣ್ಣಿನಿಂದ ಮಾತ್ರ ನೋಡಬೇಕು, ಕೈ ಹಚ್ಚಬಾರದು. ಪೆಟ್ರೋಲಿನ ವಾಸನೆ ಬರುತ್ತಿದ್ದರೆ ಈ ಪರೀಕ್ಷೆಯನ್ನು ಮಾಡಲೇಬಾರದು.

ಮೂರನೆಯ ಹೆಜ್ಜೆ: ಅಲ್ಪ ಖರ್ಚಿನ ಪರೀಕ್ಷೆಗಳು

ಪ್ಲಗ್‌ಗಳನ್ನು ಎಂಜಿನ್ ತಣ್ಣಗಿರುವಾಗ ಬಿಚ್ಚಿ, ಯಾವುದು ಯಾವ ಸಿಲಿಂಡರಿನದೆಂದು ಗುರುತಿಟ್ಟು ಸಾಲಾಗಿ ಇಡಬೇಕು. ತುದಿ ತಿಳಿ ಕಂದು ಬಣ್ಣವಿದ್ದರೆ ಸರಿ. ಒಣ ಮಸಿ ಇದ್ದರೆ ಪೆಟ್ರೋಲು ಹೆಚ್ಚು ಅಥವಾ ಗಾಳಿ ಕಡಿಮೆ. ಬೆಳ್ಳಗೆ ಬೆಂದಿದ್ದರೆ ಪೆಟ್ರೋಲು ಕಡಿಮೆ. ಎಣ್ಣೆ ಹತ್ತಿದ್ದರೆ ರಿಂಗು ಇಲ್ಲವೆ ವಾಲ್ವಿನ ಕಡೆಯಿಂದ ಎಣ್ಣೆ ಬರುತ್ತಿದೆ. ಎಲ್ಲವೂ ಒಂದೇ ಬಣ್ಣವಿದ್ದರೆ ದೋಷ ಎಲ್ಲ ಸಿಲಿಂಡರುಗಳಿಗೂ ಸಮಾನವಾದದ್ದು. ಒಂದು ಮಾತ್ರ ಬೇರೆಯಾಗಿದ್ದರೆ ದೋಷ ಆ ಒಂದು ಸಿಲಿಂಡರಿನದು. ಪ್ಲಗ್ಗಿನ ಅಂತರವನ್ನು ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟೇ ಇಡತಕ್ಕದ್ದು.

ಪೆಟ್ರೋಲ್ ಫಿಲ್ಟರ್ ಅಲ್ಪ ಬೆಲೆಯ ವಸ್ತು. ಹಳೆಯ ಗಾಡಿ ಕೊಂಡ ವಾರದಲ್ಲಿಯೇ ಅದನ್ನು ಬದಲಿಸುವುದು ಲೇಸು. ಬಾಣದ ಗುರುತು ಪೆಟ್ರೋಲು ಹರಿಯುವ ದಿಕ್ಕಿಗೆ ಇರಬೇಕು. ತೆಗೆದ ಫಿಲ್ಟರನ್ನು ಎಸೆಯದೆ, ಅದರ ಒಳಬರುವ ಬಾಯಿಯಿಂದ ಪೆಟ್ರೋಲನ್ನು ಬಿಳಿಯ ಬಟ್ಟೆಯ ಮೇಲೆ ಸುರಿದು ಏನು ಬರುತ್ತದೆಂದು ನೋಡಬೇಕು.

ಕಾರ್ಬುರೇಟರ್ ಗಾಡಿಯಲ್ಲಿ ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ, ಗಾಳಿ ಫಿಲ್ಟರಿನ ಮುಚ್ಚಳ ತೆಗೆದು ಕಾರ್ಬುರೇಟರಿನ ಗಂಟಲಿನಲ್ಲಿ ನೋಡುತ್ತ ಮತ್ತೊಬ್ಬರಿಂದ ಎಕ್ಸಿಲರೇಟರ್ ತುಳಿಸಬೇಕು. ಸಣ್ಣ ಧಾರೆಯಾಗಿ ಪೆಟ್ರೋಲು ಚಿಮ್ಮಬೇಕು. ಚಿಮ್ಮದಿದ್ದರೆ ಎಕ್ಸಿಲರೇಟರ್ ಪಂಪಿನ ಪೊರೆ ಹರಿದಿದೆ ಅಥವಾ ಕಂಡಿಯಲ್ಲಿ ಕಚರಾ ಸಿಕ್ಕಿದೆ. ಇದಕ್ಕೆ ಇಡೀ ಕಾರ್ಬುರೇಟರ್ ಬದಲಿಸಬೇಕಾಗಿಲ್ಲ.

ಇಂಜೆಕ್ಷನ್ ಗಾಡಿಯಲ್ಲಿ ಎಂಜಿನ್ ಚಿತ್ರವಿರುವ ಹಳದಿ ದೀಪವನ್ನು ಗಮನಿಸಬೇಕು. ಕೀಲಿ ತಿರುಗಿಸಿದಾಗ ಅದು ಹೊತ್ತಿ, ಎಂಜಿನ್ ಚಾಲೂ ಆದ ಮೇಲೆ ಆರಬೇಕು. ಆರದಿದ್ದರೆ ದೋಷ ದಾಖಲಾಗಿದೆ. ಯಂತ್ರ ಹಚ್ಚಿ ಓದಿಸಬೇಕು. ಕೀಲಿ ತಿರುಗಿಸಿದಾಗ ಅದು ಹೊತ್ತದೆಯೇ ಇದ್ದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ದೋಷ ಕಾಣದಿರಲೆಂದು ಮಾರುವ ಮೊದಲು ದೀಪವನ್ನೇ ಕಡಿದಿರಬಹುದು. ಹಳೆಯ ಗಾಡಿ ಕೊಳ್ಳುವಾಗಲೇ ಇದನ್ನು ನೋಡಬೇಕು. ಯಂತ್ರ ಒಂದು ಸೆನ್ಸರಿನ ಹೆಸರು ತೋರಿಸಿದರೂ ಅದರ ವಾಯರು, ಕನೆಕ್ಟರು ನೋಡಿದ ನಂತರವೇ ಹೊಸದನ್ನು ತರಬೇಕು.

ಇವೆಲ್ಲವೂ ಸರಿಯಿದ್ದರೆ ಕೊನೆಯದಾಗಿ ಸಿಲಿಂಡರುಗಳ ಒತ್ತಡವನ್ನು ಅಳೆಸಬೇಕು. ಒಂದರಲ್ಲಿ ಮಿಕ್ಕವುಗಳಿಗಿಂತ ಬಹಳ ಕಡಿಮೆಯಿದ್ದರೆ, ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಎಣ್ಣೆ ಹಾಕಿ ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವು ಕೆಟ್ಟಿದೆ ಎಂದು ತಿಳಿಯಬಹುದು. ಇದು ದೊಡ್ಡ ಖರ್ಚಿನ ದುರಸ್ತಿಯಾದುದರಿಂದ ಗಾಡಿ ಇಟ್ಟುಕೊಳ್ಳುವುದೋ ಮಾರುವುದೋ ಎಂಬ ಲೆಕ್ಕವನ್ನು ಅಲ್ಲಿಯೇ ಹಾಕಬೇಕು.

ಡೀಸೆಲ್ ವ್ಯಾನುಗಳಲ್ಲಿ

ಡೀಸೆಲ್ ಎಂಜಿನ್ನಿಗೆ ಪ್ಲಗ್ಗಿನ ಕಿಡಿ ಇಲ್ಲ. ಆದುದರಿಂದ ಡೀಸೆಲ್ ಫಿಲ್ಟರಿನಲ್ಲಿ ಕಟ್ಟಿದ ಕೊಳೆ, ಅದರ ತಳದಲ್ಲಿ ನಿಂತ ನೀರು ಮತ್ತು ಪೈಪಿನಲ್ಲಿ ಸೇರಿದ ಗಾಳಿ, ಈ ಮೂರನ್ನು ಮೊದಲು ನೋಡಬೇಕು. ಹೊಗೆಯ ಬಣ್ಣವೂ ದಾರಿ ತೋರಿಸುತ್ತದೆ. ಕಪ್ಪು ಹೊಗೆ ಗಾಳಿ ಸಾಲದೆಂಬುದನ್ನೂ ನೀಲಿ ಹೊಗೆ ಎಂಜಿನ್ ಎಣ್ಣೆ ಸುಡುತ್ತಿರುವುದನ್ನೂ ಸೂಚಿಸುತ್ತದೆ. ಹೊಸ ಮಾದರಿಯ ಕಾಮನ್ ರೇಲ್ ಗಾಡಿಗಳಲ್ಲಿ ಡೀಸೆಲಿನ ಒತ್ತಡ 1,000 ಬಾರ್‌ಗಿಂತಲೂ ಹೆಚ್ಚಿರುತ್ತದೆ. ಎಂಜಿನ್ ಓಡುತ್ತಿರುವಾಗ ಅದರ ಪೈಪನ್ನು ಸಡಿಲಿಸಿದರೆ ಧಾರೆ ಚರ್ಮವನ್ನು ಸೀಳಿ ಒಳಹೋಗುತ್ತದೆ. ಹಳೆಯ ಟ್ರ್ಯಾಕ್ಟರಿನಲ್ಲಿ ಮಾಡಿದಂತೆ ಇಲ್ಲಿ ಮಾಡಕೂಡದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಮಸಿ ಹಿಡಿಯುವ ಫಿಲ್ಟರ್ ಸಹ ಇರುತ್ತದೆ. ಹಳ್ಳಿಯೊಳಗೆ ಬರೀ ಚಿಕ್ಕ ಚಿಕ್ಕ ಓಡಾಟ ಮಾಡಿದರೆ ಅದು ಕಟ್ಟಿಕೊಂಡು ಗಾಡಿ ಸೋಲುತ್ತದೆ. ಅದರ ದೀಪ ಹೊತ್ತಿದಾಗ ಕೈಪಿಡಿಯಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಓಡಿಸಬೇಕು.

ಉದಾಹರಣೆಯ ರೈತನ ಗಾಡಿಗೆ ಆದದ್ದೇನು?

ಎರಡನೆಯ ಸಲ ಗಾಡಿ ನಿಂತ ಮೇಲೆ ಆ ರೈತ ವಹಿ ಇಟ್ಟ. ನಾಲ್ಕು ಸಲದ ಟಿಪ್ಪಣಿಯಲ್ಲಿ ನಾಲ್ಕು ಸಲವೂ ದೋಷ ಹೇರು ಮತ್ತು ಏರು ಇದ್ದಾಗಲೇ ಕಂಡಿತ್ತು. ನಸುಕಿನ ತಂಪಿನಲ್ಲಿಯೂ ಕಂಡಿದ್ದರಿಂದ ಬೇಸಿಗೆಯ ಕಾವಿಗೆ ಪೈಪಿನಲ್ಲಿ ಪೆಟ್ರೋಲು ಆವಿಯಾಗುತ್ತಿದೆ ಎನ್ನುವಂತಿರಲಿಲ್ಲ. ಎಂಜಿನ್ ಒಮ್ಮೆಗೇ ಕಡಿದುಹೋಗದೆ ಮೆಲ್ಲಗೆ ಸೋಲುತ್ತಿದ್ದುದರಿಂದ ಕಾಯಿಲಿನ ದೋಷವೂ ಹಿಂದೆ ಸರಿಯಿತು. ಮುಚ್ಚಳ ಸಡಿಲಿಸಿದರೂ ವ್ಯತ್ಯಾಸವಾಗಲಿಲ್ಲ. ಫಿಲ್ಟರ್ ಬದಲಿಸಿದಾಗ ಬಿಳಿ ಬಟ್ಟೆಯ ಮೇಲೆ ಕಂದು ತುಕ್ಕು ಬಿತ್ತು. ಎಂಟು ದಿನ ಗಾಡಿ ಚೆನ್ನಾಗಿ ಓಡಿ ಮತ್ತೆ ಸೋಲತೊಡಗಿತು. ಎಂದರೆ ಫಿಲ್ಟರ್ ಕಟ್ಟಿಸುತ್ತಿದ್ದ ಮೂಲ ಬೇರೆಯೇ ಇತ್ತು. ಮಾರಿದವನನ್ನು ವಿಚಾರಿಸಿದಾಗ ಗಾಡಿ ಬಹಳ ತಿಂಗಳು ಅಂಗಳದಲ್ಲಿ ನಿಂತಿತ್ತೆಂದು ತಿಳಿಯಿತು. ಅರೆಬರೆ ತುಂಬಿದ ಟಾಕಿಯಲ್ಲಿ ಗಾಳಿಯ ತೇವ ನೀರಾಗಿ ಒಳಗೋಡೆ ತುಕ್ಕು ಹಿಡಿದಿತ್ತು. ಸಪಾಟಿನಲ್ಲಿ ಎಂಜಿನ್ನಿಗೆ ಬೇಕಾದ ಅಲ್ಪ ಪೆಟ್ರೋಲು ಕಟ್ಟಿದ ಫಿಲ್ಟರಿನಿಂದಲೂ ಬರುತ್ತಿತ್ತು, ಏರಿನಲ್ಲಿ ಸಾಲುತ್ತಿರಲಿಲ್ಲ. ಹತ್ತು ನಿಮಿಷ ನಿಂತಾಗ ಕಾರ್ಬುರೇಟರಿನ ಬಟ್ಟಲು ಮತ್ತೆ ತುಂಬುತ್ತಿತ್ತು. ಟಾಕಿ ಇಳಿಸಿ ತೊಳೆಸಿ, ಇನ್ನೊಂದು ಹೊಸ ಫಿಲ್ಟರ್ ಹಾಕಿದ ಮೇಲೆ ಏರಿನ ದೋಷ ಹೋಯಿತು.

ನಿಂತಲ್ಲಿಂದ ಎಬ್ಬಿಸುವಾಗಿನ ಝಟಕಾ ಮಾತ್ರ ಉಳಿಯಿತು. ಅದು ಕಾರ್ಬುರೇಟರ್ ಬದಲಿಸಿದ ದಿನದಿಂದಲೇ ಆರಂಭವಾದದ್ದೆಂದು ವಹಿಯೇ ಹೇಳುತ್ತಿತ್ತು. ಅದೇ ಮಿಸ್ತ್ರಿಯನ್ನು ಕರೆದು ಆ ಜಾಗವನ್ನೇ ತೋರಿಸಿದಾಗ, ಬಿಚ್ಚಿ ಜೋಡಿಸುವಾಗ ಹರಿದ ಒಂದು ಗೇಣು ವ್ಯಾಕ್ಯೂಮ್ ಪೈಪು ಸಿಕ್ಕಿತು. "ನಾ ನೋಡಲೇ ಇಲ್ಲ ಕಾಕಾ" ಎಂದು ಮಿಸ್ತ್ರಿ ಒಪ್ಪಿಕೊಂಡ. ಸಾವಿರಾರು ರೂಪಾಯಿಯ ಕಾರ್ಬುರೇಟರ್ ಒಂದು ದೋಷವನ್ನೂ ನೀಗಲಿಲ್ಲ, ಹೊಸದೊಂದನ್ನು ತಂದಿತ್ತು. ರೈತನ ಅದೃಷ್ಟಕ್ಕೆ ಹಳೆಯ ಕಾರ್ಬುರೇಟರನ್ನು ಆತ ಮನೆಗೆ ತಂದಿಟ್ಟಿದ್ದ. ಬಿಚ್ಚಿದ ಹಳೆಯ ಭಾಗವನ್ನು ಕೇಳಿ ಪಡೆಯುವ ರೂಢಿಯನ್ನು ಎಲ್ಲರೂ ಇಟ್ಟುಕೊಳ್ಳತಕ್ಕದ್ದು.

ಮುನ್ನೆಚ್ಚರಿಕೆಗಳು

1. ಪೆಟ್ರೋಲಿನ ಕೆಲಸವನ್ನು ಬಯಲಿನಲ್ಲಿ, ಎಂಜಿನ್ ತಣ್ಣಗಾದ ಮೇಲೆ, ಬ್ಯಾಟರಿಯ ವಾಯರು ಬಿಚ್ಚಿ ಮಾಡಬೇಕು. ಬೀಡಿ, ಕಂದೀಲು ಹತ್ತಿರ ಇರಕೂಡದು.

2. ಪೆಟ್ರೋಲನ್ನು ಬಾಯಿಯಿಂದ ಎಳೆಯಬಾರದು. ಟಾಕಿ ತೊಳೆಯುವ ಮತ್ತು ಬೆಸುಗೆಯ ಕೆಲಸ ನುರಿತವರದು. ಖಾಲಿ ಟಾಕಿಯಲ್ಲಿನ ಆವಿ ಸಿಡಿಯುತ್ತದೆ.

3. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಚಾಲೂ ಇಡಬಾರದು. ಹೊಗೆಯ ವಿಷಗಾಳಿಗೆ ವಾಸನೆ ಇಲ್ಲ.

4. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಅದೇ ಹೇರಿನೊಂದಿಗೆ ಅದೇ ಏರಿನಲ್ಲಿ ಓಡಿಸಿ ನೋಡಬೇಕು. ಮೂರು ಭಾಗಗಳನ್ನು ಒಟ್ಟಿಗೆ ಬದಲಿಸಿದರೆ ಗಾಡಿ ಸರಿಹೋದರೂ ಯಾವುದರಿಂದ ಎಂಬುದು ತಿಳಿಯುವುದಿಲ್ಲ.

5. ದೋಷ ನೀಗುವವರೆಗೆ ಮುಂದಿನ ಗಾಡಿಯನ್ನು ಹಿಂದೆ ಹಾಕುವ ಪ್ರಯತ್ನ ಮಾಡಕೂಡದು. ಗಾಡಿಯಲ್ಲಿ ಹೆಂಗಸರು, ಮಕ್ಕಳನ್ನು ಕೂಡಿಸಿಕೊಂಡು ಏರು ಹತ್ತಿಸಕೂಡದು.

ಹಂಗಾಮು ಆರಂಭವಾಗುವ 15 ದಿನ ಮೊದಲೇ, ಎಂದರೆ ಹೆಸರಿನ ಕಾಯಿ ಬಲಿಯುವ ಹೊತ್ತಿಗೆ, ವ್ಯಾನಿಗೆ ಹೇರು ಹಾಕಿ ಒಂದು ಸಲ ಏರು ಹತ್ತಿಸಿ ನೋಡುವುದು ಉತ್ತಮ. ಅಂದು ತಡವರಿಸಿದರೆ ಹುಡುಕಲು ಸಮಯವಿರುತ್ತದೆ. ಮಾಲು ತುಂಬಿದ ದಿನ ತಡವರಿಸಿದರೆ ಮಿಸ್ತ್ರಿ ಹೇಳಿದ್ದಕ್ಕೆ ತಲೆಯಾಡಿಸುವುದನ್ನು ಬಿಟ್ಟು ಬೇರೆ ದಾರಿ ಇರುವುದಿಲ್ಲ.